‘ಕಾಸ್ಟ್’ ಎಂಬ ಪದ ಗಣತಿಯ ಕಾಲಂಗೆ ಬಂದ ದಾರಿ

ಮುಂಬರುವ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸಚಿವ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಎರಡರ ಸುತ್ತಲೂ ಎದ್ದಿರುವ ವಾದಗಳಲ್ಲಿ ಸಂಖ್ಯೆಯ ಜಗಳವೇ ಮುಂದಿದೆ. ಎಣಿಸಹೊರಟಿರುವುದು ಏನನ್ನು ಎಂಬ ಪ್ರಶ್ನೆ ಅದಕ್ಕಿಂತ ಹಳೆಯದು. ಅದರ ಒಂದು ಬೇರು ಇಂಗ್ಲಿಷಿನ ‘ಕಾಸ್ಟ್’ ಎಂಬ ಪದದಲ್ಲಿದೆ.

ಈ ಪದದ ಮೂಲ ಪೋರ್ಚುಗೀಸಿನ ‘ಕಾಸ್ತಾ’. ತಳಿ, ವಂಶ, ಪೀಳಿಗೆ ಎಂಬುದು ಅದರ ಅರ್ಥ. ಪ್ರಾಣಿಗಳ ತಳಿಗೂ ಅದೇ ಮಾತು ಸಲ್ಲುತ್ತಿತ್ತು. ‘ಶುದ್ಧ’ ಎಂಬರ್ಥದ ಲ್ಯಾಟಿನ್ ಪದದಿಂದ ಅದು ಹುಟ್ಟಿತೆಂದು ಬಹುಕಾಲದಿಂದ ಹೇಳಲಾಗುತ್ತಿದೆ. ಗಾಥಿಕ್ ಮೂಲವನ್ನು ಮುಂದಿಡುವ ವಿದ್ವಾಂಸರೂ ಇದ್ದಾರೆ. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗ್ರಂಥವೊಂದರಲ್ಲಿ ವೈದ್ಯ ಗಾರ್ಸಿಯಾ ದ ಓರ್ತಾ, ಇಲ್ಲಿ ಯಾರೂ ತಂದೆಯ ಕಸುಬನ್ನು ಬಿಡುವುದಿಲ್ಲ ಎನ್ನುತ್ತ ಪಾದರಕ್ಷೆ ಹೊಲಿಯುವವರ ‘ಕಾಸ್ತಾ’ದ ಉದಾಹರಣೆ ಕೊಡುತ್ತಾನೆ. 1567ರ ಗೋವೆಯ ಕ್ರೈಸ್ತ ಧರ್ಮಸಭೆ, ಮೇಲಿನ ಕಾಸ್ತಾದವರು ಕೆಳಗಿನವರೊಡನೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ ಎಂದು ದಾಖಲಿಸಿತು. ಒಬ್ಬರ ಕಣ್ಣಿಗೆ ಬಿದ್ದದ್ದು ಕಸುಬು, ಇನ್ನೊಬ್ಬರ ಕಣ್ಣಿಗೆ ಪಂಕ್ತಿ. ಹದಿನೇಳನೆಯ ಶತಮಾನದ ಆರಂಭಕ್ಕೆ ಪದ ಈ ಅರ್ಥದಲ್ಲಿ ಇಂಗ್ಲಿಷಿಗೂ ಬಂದಿತ್ತು.

ನಮ್ಮಲ್ಲಿ ಇವಕ್ಕೆಲ್ಲ ಬೇರೆ ಬೇರೆ ಹೆಸರಿದ್ದವು. ವರ್ಣವೆಂದರೆ ಶಾಸ್ತ್ರ ಹೇಳುವ ನಾಲ್ಕು ವಿಭಾಗ. ಜಾತಿಯೆಂದರೆ ಹೆಣ್ಣು ಕೊಟ್ಟು ತರುವ ಬಳಗದ ವ್ಯಾಪ್ತಿ. ಅದರೊಳಗೆ ಯಾರೊಡನೆ ಸಂಬಂಧ ಬೆಳೆಸಬಾರದು ಎಂಬುದನ್ನು ಹೇಳುವವು ಗೋತ್ರ, ಬೆಡಗು, ಬಳಿಗಳು. ಇಷ್ಟನ್ನೂ ಒಂದೇ ಪದ ಹೊರಬೇಕಾಯಿತು. ಮೇಲು ಕೀಳು ಆ ಪದದ ಬೆನ್ನೇರಿ ಬಂತೆಂದು ಇದರರ್ಥವಲ್ಲ. ಹನ್ನೆರಡನೆಯ ಶತಮಾನದಲ್ಲೇ ಶರಣರು ಅದನ್ನು ಎದುರಿಸಿ ನಿಂತಿದ್ದರು. ಪದದಿಂದ ಬದಲಾದದ್ದು ದಾಖಲಿಸುವ ರೀತಿ.

ಅದು ನಿಚ್ಚಳವಾಗಿ ಕಾಣುವುದು ಗಣತಿಯಲ್ಲಿ. 1871-72ರಿಂದಲೂ ಗಣತಿಯ ಪಟ್ಟಿಗಳಲ್ಲಿ ಜಾತಿಯಿತ್ತು. 1901ರಲ್ಲಿ, ಸ್ಥಳೀಯರ ದೃಷ್ಟಿಯಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಕ್ರಮದಲ್ಲೇ ಪಟ್ಟಿ ಮಾಡಬೇಕೆಂಬ ತೀರ್ಮಾನವಾಯಿತು. ಒಂದು ಸೀಮೆಯಲ್ಲಿ ಮುಂದಿದ್ದವರು ಮತ್ತೊಂದು ಸೀಮೆಯಲ್ಲಿ ಹಿಂದಿರುವುದು ಸಾಮಾನ್ಯವಾಗಿದ್ದ ದೇಶದಲ್ಲಿ, ಸ್ಥಾನವೆಂಬುದು ಅಚ್ಚಿನಲ್ಲಿ ನಿಂತುಬಿಡತೊಡಗಿತು. ಅದನ್ನು ತಿದ್ದಿಸಲು ಸಮುದಾಯಗಳು ಸಂಘ ಕಟ್ಟಿದವು, ಪುರಾಣಗಳ ಆಧಾರ ತೋರಿಸಿ ಅರ್ಜಿ ಹಾಕಿದವು, ಹೊಸ ಹೆಸರು ಕೇಳಿದವು. 1911ರ ಗಣತಿಯ ಹೊತ್ತಿಗೆ ಬಂಗಾಳದಲ್ಲಿ ಬಂದ ಇಂಥ ಅರ್ಜಿಗಳ ತೂಕವೇ ಒಂದೂವರೆ ಮಣ, ಅಂದರೆ ಸುಮಾರು 55 ಕಿಲೊ, ಎಂದು ಅಲ್ಲಿನ ಗಣತಿ ವರದಿ ಹೇಳುತ್ತದೆ. ಆ ಕಾಗದದ ರಾಶಿಯನ್ನು ಬರೀ ಹುಸಿ ಹೆಮ್ಮೆಯೆಂದು ತಳ್ಳಿಹಾಕುವುದು ಅನ್ಯಾಯ. ಸರ್ಕಾರಿ ಪುಸ್ತಕದಲ್ಲಿ ಕೀಳೆಂದು ಬರೆಸಿಕೊಂಡವರ ನೋವೂ ಅದರಲ್ಲಿತ್ತು.

ಮೈಸೂರು ಸಂಸ್ಥಾನದಲ್ಲಿ ಇದೇ ಲೆಕ್ಕ, ಸರ್ಕಾರಿ ನೌಕರಿಯಲ್ಲಿ ಯಾರಿಲ್ಲ ಎಂಬುದನ್ನು ತೋರಿಸಲು ಒದಗಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರಿಗೆ ಹುದ್ದೆಗಳಲ್ಲಿ ಹೆಚ್ಚಿನ ಪಾಲು ಸಿಗಬೇಕೆಂದು ಶಿಫಾರಸು ಮಾಡಿತು. ಮುಂದೆ ಸಂವಿಧಾನ ‘ಹಿಂದುಳಿದ ವರ್ಗ’ ಎಂದಿತು. ವರ್ಗವೆಂದರೆ ಜಾತಿಯೇ ಎಂಬ ಪ್ರಶ್ನೆ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲಾಗದು ಎಂದು 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ತೀರ್ಪಾಯಿತು.

ಎಲ್ಲ ಜಾತಿಗಳ ಅಂಕಿ ಪ್ರಕಟವಾದ ಕೊನೆಯ ಗಣತಿ 1931ರದು. ಆಗ 4,147 ಜಾತಿಗಳು ದಾಖಲಾಗಿದ್ದವು. 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ, ಸಿದ್ಧ ಪಟ್ಟಿಯಿಲ್ಲದೆ ಜನ ಹೇಳಿದ್ದನ್ನೇ ಬರೆದುಕೊಂಡಾಗ, 46 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಂದವೆಂದು ಕೇಂದ್ರ ಸರ್ಕಾರ 2021ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಒಳಪಂಗಡ, ಗೋತ್ರ, ಮನೆತನದ ಹೆಸರು ಎಲ್ಲವೂ ‘ಜಾತಿ’ ಎಂದು ದಾಖಲಾಗಿದ್ದವು. ಒಂದೇ ಹೆಸರಿನ ಬೇರೆ ಬೇರೆ ಕಾಗುಣಿತಗಳೂ ಪ್ರತ್ಯೇಕವಾಗಿ ಎಣಿಕೆಯಾದವು. 2027ರ ಗಣತಿಗೆ ಪಟ್ಟಿ ಸಿದ್ಧಪಡಿಸುವವರು ಮೊದಲು ಬಿಡಿಸಬೇಕಾದ ಗಂಟು ಇದೇ: ಯಾವ ಹೆಸರು ಯಾವುದರ ಪರ್ಯಾಯ, ಯಾವುದು ಒಳಪಂಗಡ, ಯಾವುದು ಸ್ವತಂತ್ರ ಜಾತಿ, ಮತ್ತು ಇದನ್ನು ತೀರ್ಮಾನಿಸುವಾಗ ಆಯಾ ಸಮುದಾಯದ ಮಾತಿಗೆ ಎಷ್ಟು ಬೆಲೆ ಕೊಡಬೇಕು.