ಬ್ರಿಟನ್ನಿನ ಆರೋಗ್ಯ ನೆರವು: ಕತ್ತರಿ ನಿಜವಾಗಿ ಬಿದ್ದದ್ದು ಎಲ್ಲಿ?

ಪರೀಕ್ಷೆಗೆ ಈ ಟಾಪಿಕ್ ಓದುವ ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಬ್ರಿಟನ್ ತನ್ನ ವಿದೇಶಿ ನೆರವನ್ನು ಒಟ್ಟು ರಾಷ್ಟ್ರೀಯ ಆದಾಯದ 0.5%ರಿಂದ 0.3%ಗೆ ಇಳಿಸುತ್ತಿದೆ. ಓದಿದ ತಕ್ಷಣ "0.2% ತಾನೆ, ಏನು ಮಹಾ" ಅನ್ನಿಸುತ್ತದೆ. ನನ್ನ ನೋಟ್ಸ್‌ನಲ್ಲೂ ಮೊದಲು ಹಾಗೇ ಬರೆದಿದ್ದೆ. ಅದು ತಪ್ಪು. ಐದು ರೂಪಾಯಿ ಕೊಡುತ್ತಿದ್ದವರು ಮೂರು ಕೊಟ್ಟರೆ ಕಡಿತ 40%. ಹಳೆಯ 0.7%ರಿಂದ ಎಣಿಸಿದರೆ ಅರ್ಧಕ್ಕಿಂತ ಜಾಸ್ತಿಯೇ ಹೋಯಿತು.

ಈ 0.7 ಎಲ್ಲಿಂದ ಬಂತು? 1970ರಲ್ಲಿ ವಿಶ್ವಸಂಸ್ಥೆ ಶ್ರೀಮಂತ ದೇಶಗಳ ಮುಂದಿಟ್ಟ ಗುರಿ ಅದು. ಹೆಚ್ಚಿನ ದೇಶಗಳು ಅದನ್ನು ಮುಟ್ಟಲೇ ಇಲ್ಲ. ಬ್ರಿಟನ್ 2013ರಲ್ಲಿ ಮುಟ್ಟಿತು, 2015ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿತು. ಆದರೆ ಆ ಕಾನೂನಿಗೆ ಹಲ್ಲಿಲ್ಲ. ಗುರಿ ತಪ್ಪಿದರೆ ಮಂತ್ರಿ ಸಂಸತ್ತಿಗೆ ಕಾರಣ ಹೇಳಬೇಕು, ಅಷ್ಟೆ. ಹಾಗಾಗಿ ಕಾನೂನನ್ನು ರದ್ದು ಮಾಡದೆಯೇ ಹಣ ಇಳಿಸಲು ಸಾಧ್ಯವಾಯಿತು.

ಮೊದಲ ಇಳಿಕೆ ಕೋವಿಡ್ ಕಾಲದ್ದು. ಆಗ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ 2021ರಿಂದ 0.5% ಎಂದು 2020ರ ನವೆಂಬರಿನಲ್ಲಿ ಘೋಷಿಸಿದರು. ಇದು ತಾತ್ಕಾಲಿಕ ಎಂದರು. ಆದರೆ 2021ರ ಜುಲೈನಲ್ಲಿ ಸಂಸತ್ತು 333–298 ಮತಗಳಿಂದ ಒಪ್ಪಿದ ಷರತ್ತುಗಳು ಕಠಿಣವಾಗಿದ್ದವು: ದಿನನಿತ್ಯದ ಖರ್ಚಿಗೆ ಸರ್ಕಾರ ಸಾಲ ಮಾಡಬಾರದು, ಒಟ್ಟು ಸಾಲದ ಹೊರೆಯೂ ಇಳಿಯುತ್ತಿರಬೇಕು. ಆಗ ಮಾತ್ರ 0.7ಕ್ಕೆ ವಾಪಸ್. ಎರಡನೆಯ ಇಳಿಕೆ 2025ರ ಫೆಬ್ರವರಿ 25ರಂದು. ಪ್ರಧಾನಿ ಕೀರ್ ಸ್ಟಾರ್ಮರ್ 2027ಕ್ಕೆ 0.3% ಎಂದರು. ಉಳಿಸಿದ ಹಣ ರಕ್ಷಣಾ ಖರ್ಚಿಗೆ. ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ಮೂರೇ ದಿನದಲ್ಲಿ ರಾಜೀನಾಮೆ ಕೊಟ್ಟರು.

ಇಲ್ಲಿಯವರೆಗಿನದು ಪೇಪರಿನಲ್ಲಿ ಸಿಗುತ್ತದೆ. ಶೇಕಡಾ ಲೆಕ್ಕ ತೋರಿಸದಿರುವುದು ಇನ್ನೊಂದಿದೆ: 40% ಕಡಿತ ಎಂದರೆ ಎಲ್ಲ ಕೆಲಸಕ್ಕೂ 40% ಕಡಿತ ಎಂದಲ್ಲ.

ಮೊದಲು ನಿರಾಶ್ರಿತರ ಖರ್ಚು ನೋಡಿ. ನಿಯಮದ ಪ್ರಕಾರ ನಿರಾಶ್ರಿತರನ್ನು ದಾನಿ ದೇಶದೊಳಗೇ ಮೊದಲ 12 ತಿಂಗಳು ನೋಡಿಕೊಳ್ಳುವ ಖರ್ಚನ್ನೂ "ವಿದೇಶಿ ನೆರವು" ಎಂದು ಬರೆದುಕೊಳ್ಳಬಹುದು. 2023ರಲ್ಲಿ ಬ್ರಿಟನ್ನಿನ ನೆರವು ಸುಮಾರು 1,530 ಕೋಟಿ ಪೌಂಡ್. ಅದರಲ್ಲಿ ಸುಮಾರು 430 ಕೋಟಿ ಬ್ರಿಟನ್ನಿನೊಳಗೇ ಖರ್ಚಾಯಿತು. ಹೆಸರಿಗೆ ಊರ ಕೆರೆಗೆ ಕೊಟ್ಟ ಹಣ, ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಮನೆಯ ತೊಟ್ಟಿಗೇ ಹೋದಂತೆ. ನಿರಾಶ್ರಿತರಿಗೆ ಖರ್ಚು ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಅದನ್ನು ಇದೇ ಖಾತೆಯಲ್ಲಿ ಬರೆದರೆ ಹೊರದೇಶಕ್ಕೆ ಹೋಗುವ ಪಾಲು ಎಷ್ಟೆಂದು ಕಾಣದೇ ಹೋಗುತ್ತದೆ, ಅಲ್ವಾ?

ಇನ್ನು ದೊಡ್ಡ ಅಂತಾರಾಷ್ಟ್ರೀಯ ನಿಧಿಗಳು. ಮಕ್ಕಳ ಲಸಿಕೆಗೆ ಗಾವಿ. ಎಚ್‌ಐವಿ, ಕ್ಷಯ, ಮಲೇರಿಯಾಗೆ ಗ್ಲೋಬಲ್ ಫಂಡ್. ಇವಕ್ಕೆ ಕೆಲವು ವರ್ಷಗಳಿಗೊಮ್ಮೆ ಎಲ್ಲರ ಮುಂದೆ ಇಷ್ಟು ಕೊಡುತ್ತೇವೆಂದು ವಾಗ್ದಾನ ಮಾಡಬೇಕು. ಕಡಿಮೆ ಮಾಡಿದರೆ ಜಗತ್ತಿಗೇ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಕತ್ತರಿ ಸ್ವಲ್ಪ ಮೃದು. ಗಾವಿಗೆ 2020ರಲ್ಲಿ 165 ಕೋಟಿ ಪೌಂಡ್ ಎಂದಿದ್ದು 2025ರಲ್ಲಿ 125 ಕೋಟಿಗೆ ಇಳಿಯಿತು, ಅಂದರೆ ಸುಮಾರು 24% ಕಡಿತ. ಗ್ಲೋಬಲ್ ಫಂಡಿಗೆ 2022ರಲ್ಲಿ 100 ಕೋಟಿ, 2025ರಲ್ಲಿ 85 ಕೋಟಿ. ಆ ಸಲದ ಹಣ ಸಂಗ್ರಹಕ್ಕೆ ದಕ್ಷಿಣ ಆಫ್ರಿಕಾದ ಜೊತೆ ಆತಿಥ್ಯ ವಹಿಸಿದ್ದೇ ಬ್ರಿಟನ್. ಊಟಕ್ಕೆ ಕರೆದವರೇ ಸೌಟು ಚಿಕ್ಕದು ಮಾಡಿಕೊಂಡಂತಾಯಿತು.

ಈಗ ಕೂಡಿಸಿ ಕಳೆಯಿರಿ. ಒಟ್ಟು ಹಣ 40% ಇಳಿಯುತ್ತದೆ. ದೊಡ್ಡ ನಿಧಿಗಳಲ್ಲಿ ಇಳಿದದ್ದು 15%, 24%. ಹಾಗಾದರೆ ಉಳಿದ ಭಾರ ಹೊರುವವರು ಯಾರು? ಅಂತಹ ವೇದಿಕೆ, ಹೆಸರು ಇಲ್ಲದ ಕೆಲಸಗಳು: ಒಂದೊಂದು ದೇಶಕ್ಕೆ ನೇರವಾಗಿ ಕೊಡುತ್ತಿದ್ದ ಹಣ, ಗರ್ಭನಿರೋಧಕಗಳ ಪೂರೈಕೆ, ಯಾರೂ ಕೇಳದ ಕಾಯಿಲೆಗಳು.

ಇದು ಬರೀ ಊಹೆಯಲ್ಲ, 2021ರಲ್ಲಿ ಆದದ್ದೇ ಇದು. ಒಟ್ಟು ನೆರವು 1,450 ಕೋಟಿಯಿಂದ 1,140 ಕೋಟಿ ಪೌಂಡಿಗೆ, ಅಂದರೆ ಸುಮಾರು 21% ಇಳಿಯಿತು. ಆದರೆ ಪೋಲಿಯೊ ನಿರ್ಮೂಲನೆಗೆ ಕೊಡುತ್ತಿದ್ದ 10 ಕೋಟಿ ಪೌಂಡ್ ಬರೀ 50 ಲಕ್ಷಕ್ಕೆ ಬಿತ್ತು: 95% ಕಡಿತ! ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಕುಟುಂಬ ಯೋಜನೆ ಸಾಮಗ್ರಿಗೆ ಕೊಡಬೇಕಿದ್ದ 15.4 ಕೋಟಿ 2.3 ಕೋಟಿಯಾಯಿತು. ಆ ಹಣ ಬಂದಿದ್ದರೆ ಸುಮಾರು 2.5 ಲಕ್ಷ ತಾಯಿ-ಮಕ್ಕಳ ಸಾವು, 1.46 ಕೋಟಿ ಬೇಡದ ಬಸಿರು ತಪ್ಪುತ್ತಿತ್ತು ಎಂದು ಆ ನಿಧಿಯೇ ಅಂದಾಜು ಕೊಟ್ಟಿತು. ಉತ್ತರ ಬರೆಯುವಾಗ ಇದನ್ನು "ಅಂದಾಜು" ಎಂದೇ ಬರೆಯಿರಿ. ಎಣಿಸಿದ ಸಾವುಗಳಲ್ಲ ಇವು.

ಬ್ರಿಟನ್ನಿನ ಪರವಾಗಿ ಒಂದು ಮಾತು ಹೇಳಬೇಕು. ಆಯಾ ದೇಶಗಳೇ ತಮ್ಮ ಆರೋಗ್ಯದ ಖರ್ಚು ಹೊರುವಂತಾಗಬೇಕು ಎಂಬ ವಾದ ಸುಳ್ಳಲ್ಲ. ಗಾವಿಯ ವ್ಯವಸ್ಥೆಯೇ ಹಾಗಿದೆ: ದೇಶದ ಆದಾಯ ಏರಿದಂತೆ ಲಸಿಕೆಯ ಬೆಲೆಯಲ್ಲಿ ಅದರ ಪಾಲೂ ಏರುತ್ತದೆ, ಕೊನೆಗೆ ನೆರವು ನಿಲ್ಲುತ್ತದೆ. ಆದರೆ ಅದು ಮೆಟ್ಟಿಲು ಇಳಿದಂತೆ ನಿಧಾನ. ಇದು ಮಾಳಿಗೆಯಿಂದ ದಬ್ಬಿದಂತೆ. ಅದೂ ಅಮೆರಿಕ ವಿದೇಶಿ ನೆರವು ಹಂಚುವ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದ ವರ್ಷದಲ್ಲಿ.

ಭಾರತಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರೆ ಸುಮ್ನೆ "ನಾವು ನೆರವು ಪಡೆಯುವ ದೇಶ" ಎಂದು ಬರೆಯಬೇಡಿ. 2020ರಲ್ಲಿ ಭಾರತವೇ ಗಾವಿಗೆ 1.5 ಕೋಟಿ ಡಾಲರ್ ಕೊಡುವುದಾಗಿ ಹೇಳಿತ್ತು. ಅದಕ್ಕಿಂತ ದೊಡ್ಡ ನಂಟು ಕಾರ್ಖಾನೆಯದು. ಗಾವಿ ಹಂಚುವ ಲಸಿಕೆಯ ದೊಡ್ಡ ಪಾಲು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಂಥ ಕಡೆ ತಯಾರಾಗುತ್ತದೆ. ಆಫ್ರಿಕಾದ ಎಚ್‌ಐವಿ ರೋಗಿಗಳು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಭಾರತದ ಕಂಪನಿಗಳವು. ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಅವುಗಳಲ್ಲೊಂದು. ಲಂಡನ್ನಿನಲ್ಲಿ ವಾಗ್ದಾನ ಇಳಿದರೆ ಆರ್ಡರ್ ಇಳಿಯುವುದು ಇಲ್ಲಿ.