ಸ್ಕೇಟ್ ಪಂಕ್: ಬತ್ತಿದ ಈಜುಕೊಳದಿಂದ ಬಂದ ಪದ

ಸ್ಕೇಟ್ ಪಂಕ್ ಎಂದರೆ ವೇಗದ ಪಂಕ್ ಸಂಗೀತ, ಅಂದರೆ ಒರಟು ಅಬ್ಬರದ ರಾಕ್, ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಹಾಗೆ ಹೇಳಿದರೆ ಅರ್ಧ ಅರ್ಥ ಕೈಬಿಟ್ಟುಹೋಗುತ್ತದೆ. ಮೊದಮೊದಲು ಆ ಪದ ಹೇಳುತ್ತಿದ್ದುದು ಯಾರ ಸಂಗೀತ ಎಂಬುದನ್ನು: ಹಗಲು ಸ್ಕೇಟ್‌ಬೋರ್ಡ್ ಓಡಿಸಿ, ಸಂಜೆ ಗಿಟಾರ್ ಹಿಡಿಯುತ್ತಿದ್ದ ಹುಡುಗರದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಡಲು ಶಾಂತವಾಗಿದ್ದ ದಿನ, ಅಲೆಗಳ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ಹುಡುಗರು ಹಲಗೆಗೆ ಗಾಲಿ ಕಟ್ಟಿ ರಸ್ತೆಗಿಳಿಯುತ್ತಿದ್ದರು. ಹಳೆಯ ಗಾಲಿಗಳು ಗಡುಸು. ಸಣ್ಣ ಕಲ್ಲು ಸಿಕ್ಕರೂ ಹಲಗೆ ಅಲ್ಲೇ ನಿಂತು ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬವರು ಯುರೆಥೇನ್ ಎಂಬ ಮೆದು ಪ್ಲಾಸ್ಟಿಕ್ಕಿನ ಗಾಲಿ ತಂದ ಮೇಲೆ ನೆಲದ ಹಿಡಿತ ಸಿಕ್ಕಿತು. 1976–77ರಲ್ಲಿ ಬರ ಬಂತು, ಮನೆಗಳ ಹಿತ್ತಲಿನ ಈಜುಕೊಳಗಳು ಬತ್ತಿದವು. ಹುಡುಗರು ಬೇಲಿ ಹಾರಿ, ತಳದಲ್ಲಿ ಉಳಿದ ಪಾಚಿನೀರನ್ನು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಿ, ಬಟ್ಟಲಿನಂತೆ ಬಾಗಿದ ಆ ಗೋಡೆಗಳನ್ನು ಹತ್ತತೊಡಗಿದರು. ಅಂಚಿನ ಕೆಳಗೆ ಒಂದು ಸಾಲು ಟೈಲ್ಸ್. ಗಾಲಿ ಅದರ ಮೇಲೆ ಹಾಯುವಾಗ ಟರ್ರ್ ಎಂಬ ಸದ್ದು. ಅಂಚು ಮುಟ್ಟಿ ತಿರುಗಿದರೆ ಗೆದ್ದಂತೆ, ಮನೆಯವರು ಬಂದರೆ ಓಟ.

1980ರ ಹೊತ್ತಿಗೆ ವಿಮೆಯ ಖರ್ಚು ತಾಳಲಾರದೆ, ಈ ಆಟಕ್ಕೆಂದೇ ಕಟ್ಟಿದ್ದ ಸ್ಕೇಟ್‌ಪಾರ್ಕುಗಳು ಒಂದೊಂದಾಗಿ ಮುಚ್ಚಿದವು. ಆಟದ ಭರಾಟೆ ಇಳಿದ ಮೇಲೂ ಬಿಡದೆ ಉಳಿದವರು ಹಟಮಾರಿಗಳು. ಅದೇ ಕರಾವಳಿಯ ಊರುಗಳಲ್ಲಿ ಬ್ಲ್ಯಾಕ್ ಫ್ಲ್ಯಾಗ್‌ನಂಥ ಪಂಕ್ ತಂಡಗಳು ಗ್ಯಾರೇಜಿನಲ್ಲಿ ಅಬ್ಬರಿಸುತ್ತಿದ್ದವು. ಆಟ, ಸಂಗೀತ ಎರಡಕ್ಕೂ ಗುರುವಿನ ಹಂಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಈ ನಂಟು ಬೆಸೆದದ್ದು ಸಹಜವೇ ಎನಿಸುತ್ತದೆ ನನಗೆ.

ಅರಿಜೋನಾದ ಫೀನಿಕ್ಸ್‌ನಲ್ಲಿ ಜೆಎಫ್‌ಎ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಗ್ ಬಾಯ್ಸ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ದಿ ಫ್ಯಾಕ್ಷನ್ ಎಂಬ ತಂಡಗಳು ಹುಟ್ಟಿದವು. ಫ್ಯಾಕ್ಷನ್‌ನಲ್ಲಿ ಬೇಸ್ ಗಿಟಾರ್ ನುಡಿಸಿದವರು ಸ್ಟೀವ್ ಕ್ಯಾಬಲೆರೊ, ಸ್ಕೇಟ್‌ಬೋರ್ಡ್ ಲೋಕದ ದೊಡ್ಡ ಹೆಸರು! ಇಂಥ ಸಂಗೀತಕ್ಕೆ ಆಗ ಚಾಲ್ತಿಯಲ್ಲಿದ್ದ ಇನ್ನೊಂದು ಪದ 'ಸ್ಕೇಟ್ ರಾಕ್'. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1981ರಲ್ಲಿ ಶುರುವಾದ 'ಥ್ರ್ಯಾಷರ್' ಎಂಬ ಸ್ಕೇಟ್‌ಬೋರ್ಡ್ ಪತ್ರಿಕೆ 1983ರಿಂದ ಇದೇ ಹೆಸರಿನಲ್ಲಿ ಹಾಡುಗಳ ಕ್ಯಾಸೆಟ್ ಹೊರತಂದಿತು. ಪಂಕ್ ತಂಡಗಳು ಬಾರದ ಊರಿನ ಹುಡುಗನಿಗೂ ಆ ಹಾಡುಗಳು ತಲುಪಿದ್ದು ಹೀಗೆ.

ಇನ್ನು ಧಾಟಿ. ಡ್ರಮ್‌ನಲ್ಲಿ ಕಾಲಿನ ಪೆಟ್ಟು, ಕೈಯ ಪೆಟ್ಟು ಒಂದರ ಬೆನ್ನಿಗೊಂದು, ಉಸಿರಾಡಲು ಬಿಡದಷ್ಟು ಬೇಗ. ಹಾಡು ಒಂದೆರಡು ನಿಮಿಷದಲ್ಲಿ ಮುಗಿದೇಬಿಡುತ್ತದೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಏಜೆಂಟ್ ಆರೆಂಜ್ ತಂಡ, ಸರ್ಫಿಂಗ್ ಹುಡುಗರ ಮೆಚ್ಚಿನ ಹಳೆಯ ಸರ್ಫ್ ಸಂಗೀತದ ಗಿಟಾರ್ ನುಡಿಕೆಯನ್ನೇ ಪಂಕ್ ವೇಗಕ್ಕೆ ಏರಿಸಿ ನುಡಿಸಿತು. ಕಡಲಿನ ಗುರುತು ಕಿವಿಗೆ ಸ್ಪಷ್ಟವಾಗಿ ಸಿಗುವುದು ಅಲ್ಲಿ.

1990ರ ದಶಕದಲ್ಲಿ ನೋಎಫ್‌ಎಕ್ಸ್, ಪೆನಿವೈಸ್ ತಂಡಗಳು ಅದೇ ವೇಗಕ್ಕೆ ಇಂಪಾದ ರಾಗ ಸೇರಿಸಿ ಜನಪ್ರಿಯವಾದವು. ಸ್ಕೇಟ್ ಪಂಕ್ ಎಂಬ ಪದ ಆ ಧಾಟಿಗೇ ಅಂಟಿಕೊಂಡಿತು. ಈಗ ಹಲಗೆಯ ಮೇಲೆ ಕಾಲಿಡದವರೂ ಸ್ಕೇಟ್ ಪಂಕ್ ನುಡಿಸುತ್ತಾರೆ.