ಸ್ಕೋಕ್ಲೋಸ್ಟರ್ ಅರಮನೆಯ ಆ ಒಂದು ಸಭಾಂಗಣ ಅರ್ಧಕ್ಕೇ ನಿಂತದ್ದು ಯಾಕೆ?

ಪ್ರಶ್ನೆ: ಸ್ವೀಡನ್ನಿನ ಸ್ಕೋಕ್ಲೋಸ್ಟರ್ ಅರಮನೆಯಲ್ಲಿ ಒಂದು ದೊಡ್ಡ ಸಭಾಂಗಣ ಸುಮಾರು 350 ವರ್ಷಗಳಿಂದ ಗಾರೆಯನ್ನೂ ಕಾಣದೆ ನಿಂತಿದೆಯಂತೆ. ಅಷ್ಟು ಸಿರಿವಂತ ಮನೆತನಕ್ಕೆ ಒಂದು ಕೋಣೆ ಮುಗಿಸಲು ಆಗಲಿಲ್ಲವೇ?

ಉತ್ತರ: ಕಟ್ಟಿಸುತ್ತಿದ್ದ ಯಜಮಾನ 1676ರಲ್ಲಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಆದರೆ ಅಪ್ಪ ಅರ್ಧಕ್ಕೆ ಬಿಟ್ಟ ಮನೆಯನ್ನು ಮಕ್ಕಳು, ಮೊಮ್ಮಕ್ಕಳು ಮುಗಿಸುವುದು ಲೋಕರೂಢಿ. ಇಲ್ಲಿ ಯಾರೂ ಯಾಕೆ ಕೈಹಾಕಲಿಲ್ಲ ಎಂಬುದಕ್ಕೆ ಆ ಯಜಮಾನ ಎಂಥವನು ಎಂದು ಮೊದಲು ನೋಡಬೇಕು.

ಆತ ಕಾರ್ಲ್ ಗುಸ್ತಾಫ್ ರಾಂಗೆಲ್, ಸ್ವೀಡನ್ನಿನ ಸೇನಾ ದಂಡನಾಯಕ. ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಡುವೆ ಮೇಲಾರೆನ್ ಸರೋವರಕ್ಕೆ ಚಾಚಿಕೊಂಡಿರುವ ಈ ಜಾಗದಲ್ಲಿ ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠವಿತ್ತು. ಮತ ಸುಧಾರಣೆಯ ಕಾಲದಲ್ಲಿ ಮಠ ಹೋಯಿತು, ಆಸ್ತಿ ದೊರೆಯ ಪಾಲಾಯಿತು. 1611ರಲ್ಲಿ ಅದು ಉಂಬಳಿಯಾಗಿ ಸಿಕ್ಕಿದ್ದು ಬಾಲ್ಟಿಕ್ ಕಡೆಯಿಂದ ಬಂದ ಸೇನಾಧಿಕಾರಿ ಹರ್ಮನ್ ರಾಂಗೆಲ್‌ಗೆ. ಮಗ ಕಾರ್ಲ್ ಗುಸ್ತಾಫ್ ಹುಟ್ಟಿದ್ದು 1613ರಲ್ಲಿ, ಇಲ್ಲೇ.

ಯುರೋಪಿನ ಮೂವತ್ತು ವರ್ಷಗಳ ಯುದ್ಧ (1618–48) ಮುಗಿಯುವ ಹೊತ್ತಿಗೆ ಮಗ ಅಪ್ಪನನ್ನು ಮೀರಿಸಿದ್ದ. ಕೌಂಟ್ ಪದವಿ, ಜರ್ಮನಿಯ ಸ್ವೀಡಿಷ್ ಪೊಮೆರೇನಿಯಾದ ಆಡಳಿತ, ಮೇಲೆ ಮೇಲೆ ಉಂಬಳಿಗಳು. ಯುದ್ಧದಿಂದ ಬಂದ ದುಡ್ಡು ಅದು. ಮುಚ್ಚಿಡುವಂಥದ್ದೇನೂ ಇರಲಿಲ್ಲ, ಮೆರೆಸುವುದೇ ಆಗಿನ ರೀತಿ. 1654ರಲ್ಲಿ ಕಟ್ಟಡ ಶುರುವಾಯಿತು. ನಡುವೆ ಅಂಗಳ, ಸುತ್ತ ನಾಲ್ಕು ಪಾರ್ಶ್ವ, ಮೂಲೆಗೊಂದು ಎಂಟು ಮುಖದ ಗೋಪುರ, ಹೊರಗೆಲ್ಲ ಬಿಳಿ ಬಣ್ಣ. ನಕ್ಷೆ ಎರ್ಫುರ್ಟ್‌ನ ಕಾಸ್ಪರ್ ಫೋಗೆಲ್‌ನದು. ಆಗಿನ ಹೆಸರಾಂತ ವಾಸ್ತುಶಿಲ್ಪಿಗಳಾದ ಜಾನ್ ದೆ ಲಾ ವಾಲೆ ಮತ್ತು ಹಿರಿಯ ನಿಕೊಡೆಮಸ್ ಟೆಸ್ಸಿನ್ ಕೂಡ ಕೈ ಆಡಿಸಿದರು.

ಇದು ಅವನಿಗೆ ಇದ್ದೊಂದು ಮನೆಯಾಗಿರಲಿಲ್ಲ. ಸ್ಟಾಕ್‌ಹೋಮ್‌ನ ರಿದ್ದರ್‌ಹೋಲ್ಮನ್‌ನಲ್ಲಿ ಇನ್ನೊಂದು ಅರಮನೆ (1697ರಲ್ಲಿ ರಾಜನ ಅರಮನೆ ಸುಟ್ಟುಹೋದಾಗ ರಾಜಪರಿವಾರ ಆಶ್ರಯ ಪಡೆದದ್ದು ಅಲ್ಲೇ), ಜರ್ಮನಿಯ ರೂಗನ್ ದ್ವೀಪದಲ್ಲಿ ಸ್ಪೈಕರ್ ಕೋಟೆ. ಬದುಕಿನ ಬಹುಪಾಲು ಕಳೆದದ್ದು ಜರ್ಮನಿಯಲ್ಲಿ. ಸ್ಕೋಕ್ಲೋಸ್ಟರ್‌ನಲ್ಲಿ ಅವನು ತಂಗಿದ್ದು ತೀರಾ ಕಡಿಮೆ, ಮನೆ ಎದ್ದದ್ದು ಹೆಚ್ಚಾಗಿ ಪತ್ರಗಳ ಮೂಲಕ ಬಂದ ಅಪ್ಪಣೆಯಿಂದ. 1675ರಲ್ಲಿ ಸ್ವೀಡಿಷ್ ಸೇನೆ ಫೆರ್ಬೆಲಿನ್‌ನಲ್ಲಿ ಸೋತಿತು. ಆಗಲೇ ಕಾಯಿಲೆಯಿಂದ ಕುಗ್ಗಿದ್ದ ದಂಡನಾಯಕ ಮರುವರ್ಷ ಸ್ಪೈಕರ್‌ನಲ್ಲಿ ಕಣ್ಣುಮುಚ್ಚಿದ. ಹೆಂಡತಿ ಅನ್ನಾ ಮಾರ್ಗರೇತಾ ಅದಕ್ಕೂ ಮೂರು ವರ್ಷ ಮೊದಲೇ ಹೋಗಿದ್ದಳು. ಗಂಡುಮಕ್ಕಳು ಯಾರೂ ಉಳಿದಿರಲಿಲ್ಲ.

ಆ ಹೊತ್ತಿಗೆ ರಾಜನ ಸಭಾಂಗಣದಂಥ ಕೋಣೆಗಳು ಸಿದ್ಧವಾಗಿದ್ದವು: ಗೋಡೆಗೆ ಚಿನ್ನದ ಬಣ್ಣ ಹಚ್ಚಿದ ಚರ್ಮ, ಚಾವಣಿಗೆ ಗಾರೆಯ ಕೆತ್ತನೆ. ಎಲ್ಲಕ್ಕಿಂತ ದೊಡ್ಡದಾದ ಔತಣದ ಸಭಾಂಗಣವೊಂದು ಬಾಕಿ. ಅಲ್ಲಿ ಈಗಲೂ ಇಟ್ಟಿಗೆ ಬರಿಮೈಯಲ್ಲಿದೆ, ತಲೆಯೆತ್ತಿದರೆ ಚಾವಣಿಯ ಮರದ ತೊಲೆಗಳು ಕಾಣುತ್ತವೆ. ಕೆಲಸಗಾರರ ಸಾರುವೆಮರ, ಉಪಕರಣಗಳು ಅಲ್ಲೇ ಇವೆ. ಹದಿನೇಳನೇ ಶತಮಾನದ ಕಟ್ಟಡವೊಂದು ಹೇಗೆ ಏಳುತ್ತಿತ್ತು ಎಂದು ತಿಳಿಯಬೇಕಾದರೆ ಪಕ್ಕದ ಮಿರುಗುವ ಕೋಣೆಗಳಿಗಿಂತ ಇದೇ ಹೆಚ್ಚು ಹೇಳುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಅರಮನೆಯಲ್ಲಿ ನೋಡಲೇಬೇಕಾದ ಜಾಗ ಇದು.

ಹಿರಿಯ ಮಗಳು ಮಾರ್ಗರೇತಾ ಯೂಲಿಯಾನಾ ಮದುವೆಯಾಗಿದ್ದು ನಿಲ್ಸ್ ಬ್ರಾಹೆಯನ್ನು. ಹೀಗೆ ಆಸ್ತಿ ಬ್ರಾಹೆ ಮನೆತನಕ್ಕೆ ಬಂತು. ಆದರೆ 1680ರಲ್ಲಿ ಹನ್ನೊಂದನೇ ಕಾರ್ಲ್ ದೊರೆ ಹಿಂದೆ ಕೊಟ್ಟಿದ್ದ ಉಂಬಳಿಗಳನ್ನು ವಾಪಸು ಪಡೆಯತೊಡಗಿದ. ದೊಡ್ಡ ಮನೆತನಗಳ ಬೆನ್ನೇ ಮುರಿಯಿತು. ಬ್ರಾಹೆಗಳ ವಿಸಿಂಗ್ಸ್‌ಬೋರ್ಗ್ ಸೀಮೆಯೂ ಆ ವರ್ಷವೇ ಹೋಯಿತು. ದಂಡನಾಯಕನ ಪ್ರತಿಷ್ಠೆಗಾಗಿ ಯೋಚಿಸಿದ ಔತಣಶಾಲೆಗೆ ಇನ್ನು ಯಾರು ದುಡ್ಡು ಸುರಿಯುತ್ತಾರೆ? ಬ್ರಾಹೆಗಳಿಗೆ ಸ್ಟಾಕ್‌ಹೋಮ್ ಹತ್ತಿರ ರೀದ್‌ಬೋಹೋಲ್ಮ್ ಎಂಬ ಹಳೆಯ ಮನೆಯೂ ಇತ್ತು. ಸ್ಕೋಕ್ಲೋಸ್ಟರ್ ಕೂಡ ಜನ ಬಿಡದೆ ವಾಸಿಸುವ ಮನೆಯಾಗಿದ್ದರೆ ತಲೆಮಾರಿಗೊಮ್ಮೆ ಗೋಡೆ ಒಡೆದು, ಬಣ್ಣ ಬದಲಿಸಿ ಮೂಲ ರೂಪವನ್ನೇ ಅಳಿಸುತ್ತಿದ್ದರು.

ಇನ್ನೊಂದು ಕಾರಣ ಕಾನೂನಿನದು. ಆಸ್ತಿಯನ್ನು ಪಾಲು ಮಾಡುವಂತಿಲ್ಲ, ಒಬ್ಬನೇ ವಾರಸುದಾರನಿಗೆ ಇಡಿಯಾಗಿ ಹೋಗಬೇಕು ಎಂಬ ಫಿದೆಯಿಕೊಮಿಸ್ ಎಂಬ ಕಟ್ಟು ಇದ್ದುದರಿಂದ ಮನೆಯೂ ಒಳಗಿನ ಸಾಮಾನೂ ಚದುರಲಿಲ್ಲ. ರಾಂಗೆಲ್‌ನ ಆಯುಧಗಳು, ಪೀಠೋಪಕರಣ ಉಳಿದವು. ಇಟಲಿಯ ಕಲಾವಿದ ಆರ್ಚಿಂಬೋಲ್ಡೊ ಹಣ್ಣು ತರಕಾರಿಗಳಿಂದಲೇ ಮುಖ ಮೂಡಿಸಿ ಬರೆದ ಚಕ್ರವರ್ತಿ ಎರಡನೇ ರುಡಾಲ್ಫ್‌ನ ಪ್ರಸಿದ್ಧ ಚಿತ್ರವೂ ಇಂದು ಇಲ್ಲೇ ಇದೆ: ಮೂಗಿಗೆ ಪೇರ್ ಹಣ್ಣು, ರೆಪ್ಪೆಗೆ ಬಟಾಣಿ ಕಾಯಿ. 1648ರಲ್ಲಿ ಸ್ವೀಡಿಷ್ ಸೈನಿಕರು ಪ್ರಾಗ್‌ನಿಂದ ದೋಚಿ ತಂದ ಮಾಲು.

1930ರಲ್ಲಿ ಬ್ರಾಹೆಗಳ ಗಂಡು ಸಂತತಿ ಮುಗಿದು ಆಸ್ತಿ ಫಾನ್ ಎಸ್ಸೆನ್ ಮನೆತನಕ್ಕೆ ಹೋಯಿತು. ಅವರು 1967ರಲ್ಲಿ ಸರ್ಕಾರಕ್ಕೆ ಮಾರಿದರು. ಆಮೇಲೆ ವಾಸ್ತುಶಿಲ್ಪಿ ಊವೆ ಹಿದೆಮಾರ್ಕ್ ನಡೆಸಿದ ಜೀರ್ಣೋದ್ಧಾರದಲ್ಲಿ ಸಿಮೆಂಟಿನ ಬದಲು ಹಳೆಯ ಪದ್ಧತಿಯ ಸುಣ್ಣದ ಗಾರೆ, ಹಳೆಯ ಕೈಕಸುಬಿನ ವಿಧಾನಗಳನ್ನೇ ಬಳಸಿದರು. ಸಭಾಂಗಣವನ್ನು ಮಾತ್ರ ಪೂರ್ತಿ ಮಾಡಲು ಹೋಗಲಿಲ್ಲ. ಕೋಣೆಗಳನ್ನು ಬೆಚ್ಚಗಿಡುವ ವ್ಯವಸ್ಥೆಯೂ ಇಲ್ಲ, ಹಾಗಾಗಿ ನೋಡಹೋಗುವವರು ಅಲ್ಲಿನ ಬೇಸಿಗೆಯ ತಿಂಗಳುಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.